ಸೋಫಾಪೀಠದ ಕ್ರೀಡಾಮೀಮಾಂಸೆ

ಅಮೆರಿಕದಲ್ಲಿ ನೆಲೆನಿಂತ ಕನ್ನಡ ಗೃಹಸ್ಥನ ಕ್ರೀಡಾಭಿಪ್ರಾಯಗಳನ್ನು ಅಧ್ಯಯನ ಮಾಡಹೊರಟವರು ಮೊದಲಿಗೇ ಮನಗಾಣಬೇಕಾದ ಸಂಗತಿಯೆಂದರೆ, ಆ ಅಭಿಪ್ರಾಯಗಳಿಗೂ ಆಟ ನೋಡುವ ಕ್ರಿಯೆಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ನ್ಯೂಜೆರ್ಸಿಯಲ್ಲಿ ಮನೆ ಕೊಂಡು, ಅದರ ಸಾಲದ ಅರ್ಧ ತೀರಿಸಿ, ಹುಲ್ಲು ಕತ್ತರಿಸುವ ಯಂತ್ರವನ್ನು ಎರಡು ಸಲ ಬದಲಾಯಿಸಿದ ಮೇಲೂ ಆತ ಒಂದು ಬೇಸ್‌ಬಾಲ್ ಪಂದ್ಯವನ್ನು ಮೊದಲಿನಿಂದ ಕೊನೆಯವರೆಗೆ ನೋಡಿರುವುದಿಲ್ಲ. ಹೀಗಿದ್ದೂ ಆ ಆಟದ ದೋಷಗಳೇನು, ಅವಕ್ಕೆ ಪರಿಹಾರವೇನು ಎಂಬ ಬಗ್ಗೆ ಅವನ ತೀರ್ಪುಗಳು ಸದಾ ಸಿದ್ಧವಾಗಿರುತ್ತವೆ. ತೀರ್ಪು ಹೊರಬೀಳುವ ಸ್ಥಳ ಸೋಫಾದ ಎಡತುದಿ, ಕಾಲ ಶನಿವಾರದ ಊಟವಾದ ಮೇಲೆ, ಭಂಗಿ ಅರ್ಧಶಯನ. ಅರಿವು ಹುಟ್ಟುವ ದಾರಿಗಳನ್ನು ಭಾರತೀಯ ತರ್ಕಶಾಸ್ತ್ರಜ್ಞರು ಪ್ರಮಾಣಗಳೆಂದು ಕರೆದು, ಕಣ್ಣಾರೆ ಕಂಡು ತಿಳಿಯುವುದನ್ನು ಪ್ರತ್ಯಕ್ಷವೆಂದೂ, ಹೋಲಿಸಿ ತಿಳಿಯುವುದನ್ನು ಉಪಮಾನವೆಂದೂ, ನಂಬಿಕಸ್ಥರ ಬಾಯಿಂದ ಕೇಳಿ ತಿಳಿಯುವುದನ್ನು ಶಬ್ದವೆಂದೂ ವಿಂಗಡಿಸಿದ್ದಾರೆ. ಇವುಗಳಲ್ಲಿ ಪ್ರತ್ಯಕ್ಷವೊಂದನ್ನು ಬಿಟ್ಟು ಉಳಿದುವೆಲ್ಲ ಈ ಗೃಹಸ್ಥನಿಗೆ ಸಮ್ಮತ.

ಬೇಸ್‌ಬಾಲ್ ವಿಷಯದಲ್ಲಿ ಅವನದು ಶುದ್ಧ ಉಪಮಾನ. ಒಂಬತ್ತೊಂಬತ್ತು ಮಂದಿಯ ಎರಡು ತಂಡಗಳು ಒಂಬತ್ತು ಸರದಿಗಳಲ್ಲಿ ಆಡುವ, ಮೂವರು ಔಟಾದೊಡನೆ ಅರ್ಧ ಸರದಿ ಮುಗಿಯುವ, ಪಿಚರ್ ಎಂಬ ಎಸೆತಗಾರ 60 ಅಡಿ 6 ಅಂಗುಲ ದೂರದಿಂದ ಚೆಂಡನ್ನು ನೆಲಕ್ಕೆ ತಾಗಿಸದೆ ಎಸೆಯುವ ಈ ಆಟವನ್ನು ಅವನು ಸ್ವತಂತ್ರವಾದೊಂದು ಆಟವೆಂದು ಒಪ್ಪುವುದೇ ಇಲ್ಲ. ಅವನ ದೃಷ್ಟಿಯಲ್ಲಿ ಅದು ಸರಿಯಾಗಿ ಕಲಿಯದವರು ಆಡುತ್ತಿರುವ ಕ್ರಿಕೆಟ್. "ಎಲ್ಲಾ ಫುಲ್‌ಟಾಸೇ ಕಣಮ್ಮಾ, ಹೊಡೆಯೋಕೇನು ಕಷ್ಟ?" ಎಂದು ಅವನು ಕೇಳಿದಾಗ, ಶಾಲೆಯಲ್ಲಿ ಸಾಫ್ಟ್‌ಬಾಲ್ ಆಡಿ ಬೆಳೆದು ಈಗ ಕಾಲೇಜಿಗೆ ಹೋಗುತ್ತಿರುವ ಮಗಳು, "ಅಪ್ಪಾ, ಅದು ನೂರು ಮೈಲಿ ಸ್ಪೀಡಲ್ಲಿ ಬರತ್ತೆ, ಕೊನೇ ಕ್ಷಣದಲ್ಲಿ ಬೇರೆ ತಿರುಗತ್ತೆ" ಎಂದು ವಿವರಿಸುತ್ತಾಳೆ. ಕ್ಷೇತ್ರರಕ್ಷಕರೆಲ್ಲ ಒಂದೊಂದು ಕೈಗೆ ಚರ್ಮದ ಗವಸು ತೊಡುವುದನ್ನು ಕಂಡರೆ ಅವನಿಗೆ ತಿರಸ್ಕಾರ, ಏಕೆಂದರೆ ಕ್ರಿಕೆಟ್ಟಿನಲ್ಲಿ ಆ ಸೌಕರ್ಯ ವಿಕೆಟ್‌ಕೀಪರನಿಗೆ ಮಾತ್ರ ಸಲ್ಲುತ್ತದೆ. ಹತ್ತು ಅವಕಾಶಗಳಲ್ಲಿ ಮೂರು ಸಲ ಸರಿಯಾಗಿ ಹೊಡೆದವನನ್ನು ಅಲ್ಲಿ ಶ್ರೇಷ್ಠ ದಾಂಡಿಗನೆಂದು ಗೌರವಿಸುತ್ತಾರೆ ಎಂದು ತಿಳಿದ ದಿನದಿಂದ, ಬ್ರಾಡ್‌ಮನ್‌ನ 99.94ರ ಸರಾಸರಿಯನ್ನು ಅವನು ಮನೆಗೆ ಬಂದ ಪ್ಲಂಬರನಿಗೂ ಕೇಳಿಸಿದ್ದಾನೆ. ಮೊತ್ತಮೊದಲ ಅಂತರರಾಷ್ಟ್ರೀಯ ಕ್ರಿಕೆಟ್ ಪಂದ್ಯ 1844ರಲ್ಲಿ ನ್ಯೂಯಾರ್ಕಿನಲ್ಲೇ, ಅಮೆರಿಕ ಮತ್ತು ಕೆನಡಾ ನಡುವೆ ನಡೆಯಿತೆಂಬುದು, ಬೇಸ್‌ಬಾಲಿನ ಅಂಕಪಟ್ಟಿಯನ್ನು ರೂಪಿಸಿದ ಹೆನ್ರಿ ಚಾಡ್‌ವಿಕ್ ಮೂಲತಃ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ರಿಕೆಟ್ ವರದಿಗಾರನೆಂಬುದು ಅವನ ಕೈಯಲ್ಲಿರುವ ಬ್ರಹ್ಮಾಸ್ತ್ರಗಳು. ಎದುರಾಳಿಗಳು ಯಾರೂ ಇಲ್ಲದಿರುವುದರಿಂದ ಅವನ್ನು ಹೆಂಡತಿಯ ಮೇಲೇ ಪ್ರಯೋಗಿಸಬೇಕಾಗಿ ಬಂದಿದೆ.

ಈ ಆಟದಲ್ಲಿ ಅವನು ಮನಸಾರೆ ಮೆಚ್ಚಿದ್ದು ಒಂದೇ ಒಂದು ಸಂಗತಿ, ಅದೂ ಮೈದಾನದ ಹೊರಗಿನದು. ಜಪಾನಿನ ಶೊಹೇ ಒಟಾನಿ 2023ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದೊಡನೆ ಹತ್ತು ವರ್ಷಕ್ಕೆ 70 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡು, ಅದರಲ್ಲಿ 68 ಕೋಟಿಯನ್ನು 2034ರಿಂದ ಮೊದಲ್ಗೊಂಡು ಪಡೆಯಲು ಒಪ್ಪಿದನೆಂಬ ಸುದ್ದಿ ಬಂದಾಗ, ಗೃಹಸ್ಥ ಎದ್ದು ಕುಳಿತು, ಕಾಗದ ಪೆನ್ನು ತರಿಸಿ, ಬಡ್ಡಿ ಲೆಕ್ಕ ಹಾಕಿ, ಹುಡುಗನಿಗೆ ಮನೆಯಲ್ಲಿ ಬುದ್ಧಿ ಹೇಳುವ ಹಿರಿಯರು ಯಾರೂ ಇಲ್ಲವೇ ಎಂದು ಮರುಗಿದ್ದುಂಟು. ಆಮೇಲೆ ತೆರಿಗೆಯ ಕೋನದಿಂದ ನೋಡಿ, ಹುಡುಗ ಜಾಣನೇ ಇರಬೇಕೆಂದು ತೀರ್ಪನ್ನು ತಿದ್ದಿಕೊಂಡ. ಹೊರನಾಡಿನ ಕನ್ನಡಿಗನೊಬ್ಬ ಬೇಸ್‌ಬಾಲಿಗೆ ಇದಕ್ಕಿಂತ ಹೆಚ್ಚಿನ ಏಕಾಗ್ರತೆಯನ್ನು ಕೊಟ್ಟ ನಿದರ್ಶನ ಸಿಗುವುದು ಕಷ್ಟ.

ವರ್ಷಕ್ಕೊಮ್ಮೆ ಕಚೇರಿಯಿಂದ ಬಿಟ್ಟಿ ಟಿಕೆಟ್ ದೊರೆತಾಗ ಕುಟುಂಬ ಸಮೇತ ಮೈದಾನಕ್ಕೆ ಹೋಗುವ ಪದ್ಧತಿಯೂ ಇದೆ. ಹೊರಗಿನ ತಿಂಡಿಗೆ ಅನುಮತಿಯಿರುವ ಮೈದಾನವಾದರೆ ಪುಳಿಯೋಗರೆ, ಕೋಡುಬಳೆ ಮತ್ತು ಮಜ್ಜಿಗೆಯ ಬಾಟಲಿಗಳು ಜೊತೆಗೆ ಬರುತ್ತವೆ. ಮೂರನೆಯ ಸರದಿಯ ಹೊತ್ತಿಗೆ ಡಬ್ಬಿ ತೆರೆದು, ಆರನೆಯದರ ಹೊತ್ತಿಗೆ ಊಟ ಮುಗಿದು, ಏಳನೆಯದರ ನಡುವೆ ಪ್ರೇಕ್ಷಕರೆಲ್ಲ ಎದ್ದುನಿಂತು ಮೈಮುರಿದು ಹಾಡುವ ಸಂಪ್ರದಾಯವನ್ನು ಕಂಡು, ಆಟ ಮುಗಿದು ಮಂಗಳ ಹಾಡುತ್ತಿದ್ದಾರೆಂದು ಭಾವಿಸಿ ಕುಟುಂಬ ಕಾರಿನತ್ತ ನಡೆಯುತ್ತದೆ. ವಾಹನದಟ್ಟಣೆ ತಪ್ಪಿಸಿಕೊಳ್ಳಲು ಅಲ್ಲಿನವರಲ್ಲೂ ಎಷ್ಟೋ ಮಂದಿ ಅದೇ ಹೊತ್ತಿಗೆ ಹೊರಡುವುದರಿಂದ, ಈ ತಪ್ಪು ಇವತ್ತಿಗೂ ಪತ್ತೆಯಾಗಿಲ್ಲ.

ಅಮೆರಿಕದ ತಂಡಗಳೂ ಕೆನಡಾದ ಒಂದೇ ತಂಡವೂ ಸೇರಿ ಆಡುವ ಲೀಗಿನ ಅಂತಿಮ ಸರಣಿಯನ್ನು 'ವರ್ಲ್ಡ್ ಸೀರೀಸ್' ಎನ್ನುತ್ತಾರಲ್ಲ, ಎಂಥ ಅಹಂಕಾರ ಎಂದು ಅವನು ಪ್ರತಿ ಅಕ್ಟೋಬರಿನಲ್ಲಿ ಕೇಳುತ್ತಾನೆ. ಎರಡು ವರ್ಷಕ್ಕೊಮ್ಮೆ ಅಮೆರಿಕದ ಯಾವುದೋ ಊರಿನಲ್ಲಿ ನಡೆಯುವ ವಿಶ್ವ ಕನ್ನಡ ಸಮ್ಮೇಳನಕ್ಕೆ ಆ ಹೊತ್ತಿಗಾಗಲೇ ಊಟದ ಸಮಿತಿಯ ಕರೆ ಸ್ವೀಕರಿಸಿರುವ ಗೃಹಿಣಿ, "ರೀ, ಆ ಮಾತು ಸ್ವಲ್ಪ ಮೆತ್ತಗೆ ಆಡಿ" ಎನ್ನುತ್ತಾಳೆ.

ಈ ತಿರಸ್ಕಾರದ ಕೋಟೆಯಲ್ಲಿ ಒಂದೇ ಒಂದು ಬಿರುಕಿದೆ, ಅದನ್ನು ಕೊರೆದವನು ಷಿಕಾಗೊದಲ್ಲಿರುವ ಷಡ್ಡಕ. ಆ ನಗರದ ಕಬ್ಸ್ ತಂಡ 1908ರಲ್ಲಿ ಪ್ರಶಸ್ತಿ ಗೆದ್ದ ಮೇಲೆ ಮತ್ತೆ ಗೆಲ್ಲುವುದಕ್ಕೆ 108 ವರ್ಷ ಕಾಯಿತು. 1945ರ ಅಂತಿಮ ಸರಣಿಯ ವೇಳೆ ತನ್ನ ಮೇಕೆಯೊಂದಿಗೆ ರಿಗ್ಲಿ ಫೀಲ್ಡಿಗೆ ಬಂದ ಹೆಂಡದಂಗಡಿಯವನನ್ನು ಹೊರಗಟ್ಟಿದ್ದರಿಂದ ಅವನ ಶಾಪ ತಟ್ಟಿತೆಂದು ಅಲ್ಲಿನ ಜನ ಗಂಭೀರವಾಗಿ ನಂಬಿದ್ದರು. ಕಬ್ಸ್ ಆ 1908ರ ಪ್ರಶಸ್ತಿ ಗೆದ್ದು ಸರಿಯಾಗಿ ನೂರು ವರ್ಷಕ್ಕೆ, 2008ರಲ್ಲಿ, ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಹುಟ್ಟಿತೆಂಬುದನ್ನು ನೆನೆದರೆ, ಈ ಕಥೆ ಗೃಹಸ್ಥನ ಎದೆಗೆ ಏಕೆ ನಾಟಿತೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. 2016ರ ಮೇ ತಿಂಗಳಲ್ಲಿ ವಿರಾಟ್ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಹೊಡೆದೂ, ತಂಡ ತನ್ನ ಊರಿನ ಮೈದಾನದಲ್ಲೇ ಅಂತಿಮ ಪಂದ್ಯವನ್ನು 8 ರನ್ನುಗಳಿಂದ ಸೋತ ದಿನ ನ್ಯೂಜೆರ್ಸಿಯ ಆ ಮನೆಯಲ್ಲಿ ಉಪ್ಪಿಟ್ಟು ಹಾಗೇ ಆರಿತು; ಅದೇ ನವೆಂಬರಿನಲ್ಲಿ ಕಬ್ಸ್ ಹತ್ತನೆಯ ಸರದಿಯವರೆಗೆ ಎಳೆದ ಕೊನೆಯ ಪಂದ್ಯವನ್ನು ಗೆದ್ದಾಗ ಷಡ್ಡಕನಿಗೆ ಫೋನು ಮಾಡಿ ಅಭಿನಂದಿಸುವಷ್ಟು ಔದಾರ್ಯವನ್ನು ಅವನು ತೋರಿದ. ಆ ದಿನಗಳಲ್ಲಿ ಸಂದರ್ಶಕ ವೀಸಾದ ಮೇಲೆ ಬಂದಿದ್ದ ಅವನ ತಾಯಿಗೆ ಮೇಕೆಯ ಶಾಪದ ಕಥೆಯನ್ನು ಹೇಳಿದಾಗ, ಮಂಡ್ಯದ ಕಡೆಯ ಆ ಹಿರಿಯಳು, ಮೈಸೂರಿನ ಅರಸುಮನೆತನಕ್ಕೆ ಅಲಮೇಲಮ್ಮ ಕೊಟ್ಟಳೆನ್ನುವ ಶಾಪ ನಾನೂರು ವರ್ಷ ಬಾಳಿದ್ದನ್ನು ಜ್ಞಾಪಿಸಿ, "ಎಪ್ಪತ್ತೊಂದು ವರ್ಷ ಅಂದ್ರೆ ಅದು ಶಾಪ ಅಲ್ಲ ಕಣೋ, ಬೈಗುಳ" ಎಂದು ತೀರ್ಮಾನಿಸಿದಳು. ಬೆಂಗಳೂರಿನವರ ಮೇಲಿದ್ದದ್ದು ಶಾಪವೋ ಬೈಗುಳವೋ, 2025ರ ಜೂನ್ 3ರಂದು ಹದಿನೆಂಟನೆಯ ಪ್ರಯತ್ನದಲ್ಲಿ ನೀಗಿತು.

ಬಾಕ್ಸಿಂಗಿಗೆ ಬಂದರೆ ಗೃಹಸ್ಥ ಉಪಮಾನವನ್ನು ಬಿಟ್ಟು ಶಬ್ದಪ್ರಮಾಣವನ್ನು ಹಿಡಿಯುತ್ತಾನೆ. ಮಹಮ್ಮದ್ ಅಲಿಯ ನಂತರ ಮುಷ್ಟಿಯುದ್ಧವೇ ಇಲ್ಲ ಎಂಬುದು ಅವನ ಸಿದ್ಧಾಂತ. ಆದರೆ 1971ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅಲಿ ಜೋ ಫ್ರೇಜಿಯರನಿಗೆ ಸೋತಾಗ ಅವನಿನ್ನೂ ಹುಟ್ಟಿರಲಿಲ್ಲ, 1974ರಲ್ಲಿ ಕಿನ್ಷಾಸಾದಲ್ಲಿ ಅದೇ ಅಲಿ ಜಾರ್ಜ್ ಫೋರ್‌ಮನ್ನನನ್ನು ಎಂಟನೆಯ ಸುತ್ತಿನಲ್ಲಿ ಕೆಡವಿದಾಗ ತೊಟ್ಟಿಲಲ್ಲಿದ್ದ. ಈ ಸಿದ್ಧಾಂತ ಅವನ ತಂದೆಯದು, ತಂದೆಗೆ ಅದು ದಕ್ಕಿದ್ದು ಪತ್ರಿಕೆಯ ಕ್ರೀಡಾಪುಟದಿಂದ; ಊರಿನ ಮನೆಯಂತೆಯೇ ಇದೂ ಪಿತ್ರಾರ್ಜಿತ ಆಸ್ತಿ, ಅದಕ್ಕಿಂತ ಒಂದು ಅನುಕೂಲವೆಂದರೆ ತಮ್ಮಂದಿರು ಪಾಲು ಕೇಳುವುದಿಲ್ಲ.

2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪಕಿಯಾವ್ ಸೆಣಸಿದಾಗ, ಮನೆಯಲ್ಲಿ ಕುಳಿತು ನೋಡುವ ಶುಲ್ಕವೇ ಸುಮಾರು 100 ಡಾಲರ್ ಆಗಿತ್ತು. ನಾಲ್ಕೈದು ಕನ್ನಡ ಕುಟುಂಬಗಳು ಅದನ್ನು ಹಂಚಿಕೊಂಡು, ತಲೆಗೊಂದರಂತೆ ತಂದ ಅಡುಗೆಯೊಂದಿಗೆ ಒಂದೇ ಮನೆಯಲ್ಲಿ ಸೇರಿದುವು. ಬಿಸಿಬೇಳೆಭಾತ್ ಇಳಿದು, ಗಸಗಸೆ ಪಾಯಸ ಮುಗಿದು, ಪೂರ್ವ ಕರಾವಳಿಯ ಗಡಿಯಾರದಲ್ಲಿ ನಡುರಾತ್ರಿ ಸರಿಯುವ ಹೊತ್ತಿಗೆ ಮುಖ್ಯ ಕಾಳಗ ಆರಂಭವಾದಾಗ, ಶುಲ್ಕ ಕಟ್ಟಿದ ಗಂಡಸರಲ್ಲಿ ಎಚ್ಚರವಿದ್ದವರು ಕಡಿಮೆ. ಗಸಗಸೆಯ ಗುಣವನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಹನ್ನೆರಡು ಸುತ್ತೂ ನಡೆದು ಯಾರೂ ಕೆಳಗೆ ಬೀಳದೆ, ಮೂವರು ತೀರ್ಪುಗಾರರ ಅಂಕಗಳಿಂದ ಮೇವೆದರ್ ಗೆದ್ದನೆಂದು ಘೋಷಣೆಯಾಯಿತು. ಸುತ್ತು ಗೆದ್ದವನಿಗೆ ಹತ್ತು, ಸೋತವನಿಗೆ ಒಂಬತ್ತೋ ಅದಕ್ಕಿಂತ ಕಡಿಮೆಯೋ ಅಂಕ ಕೊಡುವ ಪದ್ಧತಿಯನ್ನು ಕೇಳಿದ ಗೃಹಿಣಿಯರು, ಸೋತವನಿಗೂ ಹತ್ತಕ್ಕೆ ಒಂಬತ್ತು ಕೊಡುವ ಪರೀಕ್ಷೆ ತಮ್ಮ ಮಕ್ಕಳಿಗೆ ಏಕಿಲ್ಲವೆಂದು ವಿಚಾರಿಸಿದರು.

ಪ್ರತ್ಯಕ್ಷ ಪ್ರಮಾಣವನ್ನು ನೆಚ್ಚಿದವಳು ಗೃಹಸ್ಥನ ಮನೆಯಲ್ಲಿ ಅವನ ತಾಯಿ, ಅಂದರೆ ಅಜ್ಜಿ, ಒಬ್ಬಳೇ; ಭಾಷೆ ತಿಳಿಯದ ಕಾರಣ ವೀಕ್ಷಕ ವಿವರಣೆಯ ಹಾವಳಿಯಿಲ್ಲದೆ ಅವಳು ಕಣ್ಣಿಗೆ ಕಂಡದ್ದನ್ನಷ್ಟೇ ನೋಡುತ್ತಾಳೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ವಜ್ರಮುಷ್ಟಿ ಕಾಳಗ, ಅಂದರೆ ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ಮೊನಚಾದ ಆಯುಧ ತೊಟ್ಟು ಸೆಣಸುವ ಆ ಸಾಂಪ್ರದಾಯಿಕ ಪಂದ್ಯ, ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದ ಕ್ಷಣವೇ ಮುಗಿಯುತ್ತದೆ. ಆ ಅಳತೆಗೋಲಿನ ಮುಂದೆ, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ, ಕೈಗವಸು ಇವನ್ನೆಲ್ಲ ವಿಧಿಸಿದ 1867ರ ಕ್ವೀನ್ಸ್‌ಬರಿ ನಿಯಮಾವಳಿ ಅನಾಗರಿಕವಾಗಿ ಕಂಡರೆ ತಪ್ಪೇನಿಲ್ಲ. "ರಕ್ತ ಬಂತಲ್ಲೋ, ಇನ್ನೂ ಯಾಕೋ ಬಡಿದಾಡ್ತಾವ್ರೆ?" ಎಂಬ ಅವಳ ಪ್ರಶ್ನೆಗೆ ಉತ್ತರಿಸಲು ಗೃಹಸ್ಥನಲ್ಲಿ ಯಾವ ಆಪ್ತವಾಕ್ಯವೂ ಇರಲಿಲ್ಲ. 2024ರ ನವೆಂಬರಿನಲ್ಲಿ 58 ವರ್ಷದ ಮೈಕ್ ಟೈಸನ್ 27ರ ಜೇಕ್ ಪಾಲ್‌ನೆದುರು ಎಂಟು ಸುತ್ತು ನಿಂತು ಸೋತಾಗಲಂತೂ, ಅಂತರ್ಜಾಲದ ವಿಡಿಯೊಗಳಿಂದ ಹೆಸರಾದ ಹುಡುಗನೊಂದಿಗೆ ಹಿರಿಯನನ್ನು ಹೊಡೆದಾಡಿಸುವ ಮನೆಯವರನ್ನು ಅವಳು ಹೆಸರು ಹಿಡಿದು ಶಪಿಸಬೇಕೆಂದಿದ್ದಳು, ಹೆಸರು ಗೊತ್ತಿರಲಿಲ್ಲ. ಐವತ್ತು ದಾಟಿ ಮಂಡಿನೋವು ಹಿಡಿಸಿಕೊಂಡಿದ್ದ ಮಗ ಆ ಸೋಲನ್ನು ಸ್ವಂತದ್ದೆಂದೇ ಭಾವಿಸಿ, ಮರುದಿನ ಜಿಮ್ಮಿಗೆ ಹಣ ಕಟ್ಟಿದ. ಕಟ್ಟಿದ್ದಷ್ಟೇ.

ಅವಳಿಗೆ ನಿಜವಾಗಿ ಹಿಡಿಸಿದ್ದು ಡಬ್ಲ್ಯುಡಬ್ಲ್ಯುಇ ಎಂಬ ಕುಸ್ತಿಯ ಮನರಂಜನೆ. ಅದರ ಫಲಿತಾಂಶಗಳು ಮೊದಲೇ ಗೊತ್ತುಮಾಡಿದವೆಂಬುದು ರಹಸ್ಯವೇನಲ್ಲ. 1989ರಲ್ಲಿ ಆ ಸಂಸ್ಥೆಯವರೇ ಇದೇ ನ್ಯೂಜೆರ್ಸಿಯ ಶಾಸನಸಭೆಯೆದುರು ತಮ್ಮದು ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡು, ಕ್ರೀಡಾ ಆಯೋಗದ ಕಟ್ಟುಪಾಡುಗಳಿಂದ ಬಿಡುಗಡೆ ಕೋರಿದ್ದರು. "ಅಜ್ಜಿ, ಅದು ನಿಜ ಅಲ್ಲ, ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರ್ತಾರೆ" ಎಂದು ಮೊಮ್ಮಗಳು ಸತ್ಯವನ್ನು ಹೊರಗೆಡಹಿದಾಗ, ಹಳ್ಳಿಗಳಲ್ಲಿ ಪಾತ್ರಕ್ಕೆ ತಾವೇ ದುಡ್ಡು ಕಟ್ಟಿ ಕುರುಕ್ಷೇತ್ರ ನಾಟಕವಾಡುವ ಗೌಡರನ್ನು ಬೆಳಗಿನ ಜಾವದವರೆಗೂ ನೋಡಿ ಬೆಳೆದ ಅಜ್ಜಿ, "ಅಯ್ಯೋ ಮಗಾ, ದುರ್ಯೋಧನ ಯಾವತ್ತಾದ್ರೂ ಗೆದ್ದಿದ್ದಾನಾ? ಅವನು ಹೆಂಗೆ ಬೀಳ್ತಾನೆ ಅಂತ ನೋಡಕ್ಕೆ ಕೂತ್ಕೋಳ್ದು" ಎಂದಳು. ಕ್ರೀಡೆ ಮತ್ತು ನಾಟಕದ ಗಡಿಯ ಬಗ್ಗೆ ಇಷ್ಟು ಸ್ಪಷ್ಟವಾದ ನಿಲುವು ಆ ಸೋಫಾದ ಎಡತುದಿಯಿಂದ ಎಂದೂ ಹೊರಬಿದ್ದಿಲ್ಲ. ಉತ್ತರ ಪ್ರದೇಶದ ರಿಂಕು ಸಿಂಗ್ 2008ರಲ್ಲಿ ದೂರದರ್ಶನದ ಎಸೆತಸ್ಪರ್ಧೆಯೊಂದನ್ನು ಗೆದ್ದು, ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆಯ ಪಿಚರನಾಗಿ, ಅವನ ಕಥೆ 2014ರಲ್ಲಿ ಹಾಲಿವುಡ್ ಚಿತ್ರವಾಗಿ, ಕೊನೆಗೆ ಅವನೇ ವೀರ್ ಮಹಾನ್ ಎಂಬ ಹೆಸರಿನಲ್ಲಿ ಹಣೆಗೆ ತಿಲಕವಿಟ್ಟು ಇದೇ ಕುಸ್ತಿಯ ಅಖಾಡಕ್ಕಿಳಿದದ್ದು ಗೃಹಸ್ಥನಿಗೆ ಭಾರತೀಯ ಪ್ರತಿಭೆಯ ಅಧಃಪತನವಾಗಿ ಕಂಡರೆ, ಅಜ್ಜಿಗೆ ಅದು ಬಡ್ತಿಯಾಗಿ ಕಂಡಿತು.

2023ರಲ್ಲಿ ಬೇಸ್‌ಬಾಲಿಗೆ ಗಡಿಯಾರ ಬಂದು, ಪಿಚರ್ 15 ಸೆಕೆಂಡಿನೊಳಗೆ, ಓಟಗಾರರಿದ್ದರೆ 20 ಸೆಕೆಂಡಿನೊಳಗೆ ಎಸೆತಕ್ಕೆ ತೊಡಗದಿದ್ದರೆ ದಂಡ ಬೀಳುವ ನಿಯಮ ಜಾರಿಯಾದಾಗ, "ಗಡಿಯಾರ ನೋಡ್ಕೊಂಡು ಆಡಿದ್ರೆ ಅದು ಆಟ ಅಲ್ಲ, ಆಫೀಸು" ಎಂದು ಗೃಹಸ್ಥ ಅಪ್ಪಣೆ ಕೊಡಿಸಿದ್ದ. ಮರುವರ್ಷದ ಜೂನಿನಲ್ಲಿ ಟಿ20 ವಿಶ್ವಕಪ್ ಅಮೆರಿಕಕ್ಕೇ ಬಂತು. ಡಲ್ಲಾಸಿನ ಬಳಿ, ಒಂದು ಕಾಲಕ್ಕೆ ಬೇಸ್‌ಬಾಲಿಗಾಗಿ ಕಟ್ಟಿದ್ದ ಮೈದಾನದಲ್ಲಿ, ಅಮೆರಿಕ ಪಾಕಿಸ್ತಾನವನ್ನು ಸೂಪರ್ ಓವರಿನಲ್ಲಿ ಸೋಲಿಸಿದಾಗ, ಮೂರು ವಿಕೆಟ್ ಕಿತ್ತ ನೋಸ್ತುಷ್ ಕೆಂಜಿಗೆ ಅಲಬಾಮದಲ್ಲಿ ಹುಟ್ಟಿ ಚಿಕ್ಕಮಗಳೂರಿನ ಕಾಫಿತೋಟದ ಮನೆತನದಲ್ಲಿ ಬೆಳೆದವನೆಂದು ತಿಳಿದು ಮನೆಯಲ್ಲಿ ಅಪರೂಪಕ್ಕೆ ಮೂರು ತಲೆಮಾರುಗಳೂ ಒಂದೇ ತಂಡದ ಕಡೆ ನಿಂತವು. ಆ ಒಗ್ಗಟ್ಟು ಆರು ದಿನ ಬಾಳಿತು. ಜೂನ್ 12ರಂದು ನ್ಯೂಯಾರ್ಕಿನಲ್ಲಿ ಭಾರತಕ್ಕೆ ಗೆಲ್ಲಲು 30 ಎಸೆತಗಳಲ್ಲಿ 35 ರನ್ ಬೇಕಿದ್ದಾಗ, ಓವರು ಓವರಿನ ನಡುವೆ 60 ಸೆಕೆಂಡು ಮೀರಬಾರದೆಂಬ ಹೊಸ ಗಡಿಯಾರದ ನಿಯಮವನ್ನು ಅಮೆರಿಕದವರು ಮೂರನೆಯ ಸಲ ಮುರಿದರೆಂದು ಅಂಪೈರುಗಳು ಭಾರತಕ್ಕೆ 5 ರನ್ನುಗಳನ್ನು ದಂಡವಾಗಿ ಕೊಡಿಸಿದರು. ಅಮೆರಿಕದ ಪರವಾಗಿದ್ದ ಮಗಳು ಇದು ಅನ್ಯಾಯವೆಂದಳು. ಮನೆಯಿಂದಲೇ ಕಚೇರಿ ಕೆಲಸ ಮಾಡುತ್ತಿರುವುದಾಗಿ ಭಾವಿಸಲಾಗಿದ್ದ ಗೃಹಸ್ಥ, "ಗಡಿಯಾರ ಅಂದ್ಮೇಲೆ ಗಡಿಯಾರ ಕಣಮ್ಮಾ, ಬೇಸ್‌ಬಾಲಿನವರನ್ನು ನೋಡಿ ಕಲೀಬೇಕು ಇವರು" ಎಂದ. ಆ ಐದು ರನ್ ಹೊಡೆದವನು ಯಾರೋ ಎಂದು ಅಜ್ಜಿ ಕೇಳಿದಳು. ಭಾರತ 7 ವಿಕೆಟ್‌ಗಳಿಂದ ಗೆಲ್ಲುವವರೆಗೂ ಅವಳಿಗೆ ಯಾರೂ ಉತ್ತರ ಹೇಳಲಿಲ್ಲ.