ಸ್ಟೌ ರಾಯರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರು. ಬಿಪಿ ಹದ್ದುಬಸ್ತಿನಲ್ಲಿದೆ, ಒತ್ತಡ ಏನಿದ್ದರೂ ಮನೆಯಲ್ಲಿರುವ ಹದಿನೇಳು ಹಿತ್ತಾಳೆ ಟ್ಯಾಂಕುಗಳೊಳಗೆ. ಹೆಸರು ಏನೇ ಇರಲಿ, ಬೀದಿಯವರಿಗೆ ಅವರು ಸ್ಟೌ ರಾಯರು.

ಭಾನುವಾರ ಬೆಳಿಗ್ಗೆ ಓರಗೆಯವರೆಲ್ಲ ಲಾಲ್‌ಬಾಗಿನಲ್ಲಿ ಕೈಬೀಸುತ್ತಿದ್ದರೆ, ರಾಯರು ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಾರೆ. ಹಿಡಿಯಿಲ್ಲದ ಇಸ್ತ್ರಿಪೆಟ್ಟಿಗೆ, ಸತ್ತ ರೇಡಿಯೋ, ಅದರಡಿಯಲ್ಲಿ ಮೂರು ಕಾಲಿನ ಪಂಪ್ ಸ್ಟೌ. ಸ್ಟೌ ಕಂಡೂ ಕಾಣದವರಂತೆ ರಾಯರು ರೇಡಿಯೋದ ಬೆಲೆ ಕೇಳುತ್ತಾರೆ. ಈ ಪಟ್ಟು ಗುಜರಿಯವನಿಗೆ ಗೊತ್ತು ಎನ್ನುವುದು ಮಾತ್ರ ಅವರಿಗೆ ಗೊತ್ತಿಲ್ಲ.

“ಸ್ಟೌ ಫಾರಿನ್ನು ಸಾರ್. ನಿಮಗೇ ಅಂತ ಎತ್ತಿಟ್ಟಿದ್ದೆ.”

ಕೂಡಲೇ ಜೇಬಿನಿಂದ ಭೂತಗನ್ನಡಿ ಹೊರಬರುತ್ತದೆ. ಪ್ರೈಮಸ್ ಕಂಪನಿ 1911ರಿಂದ ತನ್ನ ಸ್ಟೌಗಳ ಮೇಲೆ ವರ್ಷಕ್ಕೊಂದು ಅಕ್ಷರ ಒತ್ತುತ್ತಿತ್ತು. ‘ಎ’ ಎಂದರೆ 1911, ‘ಬಿ’ ಎಂದರೆ 1912. ಮೊಮ್ಮಗಳು ಹುಟ್ಟಿದ ವರ್ಷಕ್ಕೆ ತಡವರಿಸುವ ರಾಯರಿಗೆ ಈ ಪಟ್ಟಿ ಬಾಯಿಪಾಠ. ಅಕ್ಷರ ಕಾಣದಿದ್ದರೆ ಸವೆದಿದೆ ಎನ್ನುತ್ತಾರೆ. ಇಲ್ಲೇ ತಯಾರಾದ ನಕಲಿರಬಹುದು ಎಂಬ ಮಾತು ಅವರ ಬಾಯಿಗೆ ಬರುವುದಿಲ್ಲ.

ಮನೆಯಲ್ಲಿ ಶುಶ್ರೂಷೆ ಶುರು. ಹುಣಸೆಹಣ್ಣಿನ ಸ್ನಾನ. ಪಂಪಿನ ಚರ್ಮದ ವಾಷರ್ ಒಣಗಿ ಹಪ್ಪಳವಾಗಿರುತ್ತದೆ, ಅದಕ್ಕೆ ಎಣ್ಣೆಯ ಬಟ್ಟಲಲ್ಲಿ ಎರಡು ದಿನದ ವಾಸ. ಆಮೇಲೆ ಟ್ಯಾಂಕಿಗೆ ಗಾಳಿ ತುಂಬಿ, ಪಂಕ್ಚರ್ ಅಂಗಡಿಯವನಂತೆ ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುವುದು. ಸೀಮೆಎಣ್ಣೆಯದೇ ದೊಡ್ಡ ಫಜೀತಿ. ರೇಷನ್ ಅಂಗಡಿಯ ಕ್ಯೂನಲ್ಲಿ ನಿಂತು ತರುತ್ತಿದ್ದ ಆ ನೀಲಿ ಎಣ್ಣೆಯ ಒಂದು ಸೀಸೆಗಾಗಿ ರಾಯರು ಈಗ ಮೂರು ತಾಲ್ಲೂಕಿನ ನೆಂಟರಿಗೆ ಫೋನ್ ಮಾಡುತ್ತಾರೆ.

ಅತಿಥಿ ಸಿಕ್ಕರೆ ಉಪನ್ಯಾಸ. ಸ್ಟಾಕ್‌ಹೋಮಿನ ಲಿಂಡ್‌ಕ್ವಿಸ್ಟ್ 1892ರಲ್ಲಿ ಈ ಸ್ಟೌ ಮಾಡಿದ, ಬತ್ತಿಯಿಲ್ಲ, ಮಸಿಯಿಲ್ಲ. ಎಣ್ಣೆ ಬಿಸಿ ಬರ್ನರಿನಲ್ಲಿ ಆವಿಯಾಗಿ, ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮಿ ಉರಿಯುತ್ತದೆ. ಆಮುಂಡ್‌ಸೆನ್ ದಕ್ಷಿಣ ಧ್ರುವಕ್ಕೆ ಒಯ್ದದ್ದು ಇದನ್ನೇ. 1953ರಲ್ಲಿ ಹಿಲರಿ, ತೇನ್‌ಸಿಂಗರ ತಂಡ ಎವರೆಸ್ಟಿಗೆ ಹೊತ್ತದ್ದೂ ಇದನ್ನೇ.

“ಅವರು ಎವರೆಸ್ಟಿಗೆ ಹೊತ್ತರು, ನೀವು ಮಹಡಿಗೂ ಒಯ್ಯಲ್ಲವಲ್ರೀ,” ಎನ್ನುತ್ತಾರೆ ಹೆಂಡತಿ, ಗ್ಯಾಸಿನ ಮೇಲೆ ಮಾಡಿದ ಕಾಫಿ ಕೊಡುತ್ತ.

ಉಪನ್ಯಾಸದಲ್ಲಿ ಒಂದು ಅಧ್ಯಾಯ ಬಿಟ್ಟುಹೋಗುತ್ತದೆ. ‘ಸ್ಟೌ ಸಿಡಿದು ಸೊಸೆ ಸಾವು’ ಎಂಬ ಸುದ್ದಿ ಒಂದು ಕಾಲಕ್ಕೆ ಪತ್ರಿಕೆಗಳಲ್ಲಿ ಮಾಮೂಲಾಗಿತ್ತು. ಎಲ್ಲ ಸಾವುಗಳಿಗೂ ಸ್ಟೌ ಕಾರಣವಲ್ಲ ಎಂಬುದು ಓದುವವರಿಗೂ ಗೊತ್ತಿತ್ತು. ಹೆಂಗಸರು ರಾಯರ ಶೋಕೇಸಿನಿಂದ ಒಂದು ಮಾರು ದೂರ ನಿಲ್ಲುವುದು ಸುಮ್ಮನೆ ಅಲ್ಲ.

ಈ ಭಾನುವಾರ ಹದಿನೆಂಟನೆಯದರ ಉದ್ಘಾಟನೆ. ಬರ್ನರಿನ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಸುರಿದು ಕಡ್ಡಿ ಗೀರಿದ್ದಾಯಿತು. ಅದು ಉರಿದು ಮುಗಿಯುವವರೆಗೆ ಕಾಯಬೇಕು, ಕಾಯಲಾರದೆ ಪಂಪು ಹೊಡೆದರು. ಹಸಿ ಎಣ್ಣೆಗೆ ಬೆಂಕಿ ಹತ್ತಿ ಹಳದಿ ಜ್ವಾಲೆ ಆಳೆತ್ತರ ಎದ್ದಿತು. ಚಾವಣಿಯಲ್ಲಿ ಈಗಾಗಲೇ ಇದ್ದ ಕಪ್ಪು ಮಚ್ಚೆಗೊಂದು ತಮ್ಮ ಹುಟ್ಟಿತು. ಎರಡನೇ ಸಲ ಕಾದರು. ಈಗ ಸ್ಟೌ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಒಳಗಿನಿಂದ ಎಂಬತ್ತಾರು ವರ್ಷದ ತಾಯಿ ಗೋಡೆ ಹಿಡಿದು ಬಂದರು. “ಪಿನ್ ಕೊಡೋ ಇಲ್ಲಿ.” ಕನ್ನಡಕವನ್ನೂ ಹಾಕದೆ, ತಗಡಿನ ಪಟ್ಟಿಯ ತುದಿಯ ತಂತಿಯನ್ನು ತೂತಿಗೆ ಒಮ್ಮೆ ಚುಚ್ಚಿ ತೆಗೆದರು. ಕಡ್ಡಿ ಹಿಡಿದರು. ಬುಸ್ ಎಂದು ನೀಲಿ ಉರಿ ದುಂಡಗೆ ಅರಳಿತು. ಮೂವತ್ತು ವರ್ಷ ಇದರ ಮುಂದೆ ಕೂತ ಕೈ.

ರಾಯರ ಕಣ್ಣು ತೇವವಾಯಿತು. ತಾಯಿಯ ಕಣ್ಣು ಸ್ಟೌವಿನ ಮೇಲಿರಲಿಲ್ಲ, ಮಗನ ಮೇಲಿತ್ತು.

“ಗ್ಯಾಸ್ ಬಂದ ವಾರವೇ ಇಂಥದ್ದನ್ನ ಪಾತ್ರೆಯವಳಿಗೆ ಹಾಕಿ ಸ್ಟೀಲ್ ಡಬ್ಬ ತಗೊಂಡಿದ್ದೆ ಕಣೋ. ನೀನು ಇದಕ್ಕೆ ಎಷ್ಟು ಕೊಟ್ಟೆ?”

ರಾಯರು ಬಗ್ಗಿ ಪಂಪು ಹೊಡೆಯತೊಡಗಿದರು. ಸ್ಟೌವಿನ ಸದ್ದು ಏರಿತು; ಎರಡನೇ ಸಲ ಕೇಳಿದ್ದು ಅವರಿಗೆ ಕೇಳಿಸಲಿಲ್ಲ.