ಹಸಿರು ಸೀಸೆಗೊಂದು ಬಹಿರಂಗ ಪತ್ರ

ಶ್ರೀಮಾನ್ ಹಸಿರು ಸೀಸೆಯವರಿಗೆ,

ಶಹಾಪುರದಿಂದ ಶರಣು.

ಸುರಪುರದ ನಮ್ಮ ಅಕ್ಕನ ಮನೆಯ ಮಾಡದಲ್ಲಿ, ದೇವರ ಫೋಟೋ ಪಕ್ಕ ತಾವು ಬಂದು ಕೂತು ತಿಂಗಳಾಯಿತು. ಅಳಿಯನಿಗೆ ಆರು ವರ್ಷ, ಆಟಿಸಂ. ಮಾತು ಬಂದಿಲ್ಲ. ತಿರುಗುವ ಫ್ಯಾನನ್ನು ತಾಸುಗಟ್ಟಲೆ ನೋಡುತ್ತಾನೆ. "ಮೂರು ತಿಂಗಳ ಕೊಡ್ರೀ ಅಕ್ಕಾರ, ಮಾತ ಬರ್ತಾವ" ಎಂದು ತಮ್ಮನ್ನು ಮಾರಿದವರು ಹೇಳಿದರಂತೆ. ತಾವು ಆ ಸುಳ್ಳಿಗೆ ಕೂಡಲಿಲ್ಲ. ಬೆನ್ನ ಮೇಲೆ ಸಾಸಿವೆಯಷ್ಟು ಅಕ್ಷರದಲ್ಲಿ "ಔಷಧವಾಗಿ ಬಳಸಲು ಅಲ್ಲ" ಎಂದು ಬರೆದುಕೊಂಡೇ ಬಂದಿದ್ದೀರಿ. ಇಂಗ್ಲಿಷ್ ಓದಲು ಬಾರದ್ದು ಅಕ್ಕನ ತಪ್ಪು ಬಿಡಿ.

ತಮ್ಮ ಹೊಟ್ಟೆಯಲ್ಲಿರುವುದು ಬ್ರೊಕೊಲಿ ಮೊಳಕೆಯ ಸಲ್ಫೊರಾಫೇನ್. ಅಕ್ಕ ಆ ಕಾಯಿಪಲ್ಯೆಯನ್ನು ಕಣ್ಣಿಂದ ಕಂಡವಳಲ್ಲ. ಅದಕ್ಕೇ ಇಷ್ಟು ಮರ್ಯಾದೆ. ಅರಿಶಿಣವೂ ಡಬ್ಬಿಯಲ್ಲಿದ್ದಾಗ ಬರೀ ಅರಿಶಿಣ, ಕರ್ಕ್ಯುಮಿನ್ ಆದಮೇಲೆ ದೊಡ್ಡ ಮನುಷ್ಯ.

ತಮ್ಮ ಜಾತಕ ಪೂರ್ತಿ ಕೆಟ್ಟದ್ದೇನಲ್ಲ. 2014ರಲ್ಲಿ ಅಮೆರಿಕದಲ್ಲಿ 13ರಿಂದ 27 ವರ್ಷದ 44 ಮಂದಿಯನ್ನು ಆರಿಸಿ, 29 ಮಂದಿಗೆ ತಮ್ಮನ್ನೂ 15 ಮಂದಿಗೆ ಹುಸಿಗುಳಿಗೆಯನ್ನೂ 18 ವಾರ ಕೊಟ್ಟರು. ತಮ್ಮನ್ನು ನುಂಗಿದವರ ನಡವಳಿಕೆ ಸುಧಾರಿಸಿತು, ನಿಲ್ಲಿಸಿದ ಮೇಲೆ ಮತ್ತೆ ಹಳೆಯ ಹಾದಿ ಹಿಡಿಯಿತು. ಅವರಲ್ಲಿ ಇಬ್ಬರಿಗೆ ಫಿಟ್ಸ್ ಬಂತು. ಅವರಿಗೆ ಅದು ಹಿಂದೆಯೂ ಇತ್ತು. 2021ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ 3ರಿಂದ 12 ವರ್ಷದ ಮಕ್ಕಳದು. ಅಲ್ಲಿ ವೈದ್ಯರ ಕಣ್ಣಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಬೀಳಲಿಲ್ಲ. ನಮ್ಮ ಹುಡುಗನ ವಯಸ್ಸು ಎರಡನೆಯದಕ್ಕೆ ಹೊಂದುತ್ತದೆ. ಮಾರುವವರ ಬಾಯಿಗೆ ಮೊದಲನೆಯದೇ ಹೊಂದುತ್ತದೆ. ಅವನಿಗೆ ಫಿಟ್ಸ್ ಗುಳಿಗೆಯೂ ನಡೆದಿದೆ. ಯಾರೂ ಕೇಳಲಿಲ್ಲ.

ತಮ್ಮ ಒಂದು ತಿಂಗಳ ಬೆಲೆಗೆ ಅಕ್ಕ ಒಂದು ವಾರ ಹತ್ತಿ ಬಿಡಿಸಬೇಕು. ಅದೇ ರೊಕ್ಕದಲ್ಲಿ ಮಗನನ್ನು ಕರಕೊಂಡು ಕಲಬುರಗಿಗೆ, ಮಾತು ಕಲಿಸುವ ಮೇಡಂ ಹತ್ತಿರ, ಬಸ್ಸಿನಲ್ಲಿ ಹೋಗಿಬರಬಹುದು. ಯಾದಗಿರಿಯಲ್ಲಿ ಉದ್ಯಾನ್ ರೈಲು ಹತ್ತಿ ಬೆಂಗಳೂರಿನ ನಿಮ್ಹಾನ್ಸಿಗೂ ಹೋಗಬಹುದು. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ. ಆ ಅಂಗವೈಕಲ್ಯದ ಕಾರ್ಡಿಗಾಗಿ ಅಲೆಯಲೂ ಖರ್ಚು ಬೇಕಲ್ಲ.

ಆದರೂ ತಮ್ಮ ಉಪಕಾರ ಮರೆಯುವಂತಿಲ್ಲ. ಒಮ್ಮೆ ಹೋದಾಗ ಮಾತು ಕಲಿಸುವ ಮೇಡಂ ಹೇಳಿದಂತೆ ಅಕ್ಕ ತಮ್ಮ ಪೆಟ್ಟಿಗೆಯ ರಟ್ಟು ಕತ್ತರಿಸಿ, ಒಂದೊಂದರ ಮೇಲೆ ಚೆಂಬು, ರೊಟ್ಟಿ, ಚಪ್ಪಲಿ ಬರೆದಳು. ಮೊನ್ನೆ ಹುಡುಗ ಫ್ಯಾನಿನ ಕೆಳಗಿಂದ ಎದ್ದು ಬಂದು, ಚೆಂಬಿನ ಚೀಟಿಯನ್ನು ಅವ್ವನ ಕೈಗಿಟ್ಟು ನಿಂತ. ನೀರು ಕೊಟ್ಟಳು. ಗಟಗಟ ಕುಡಿದ.

ರಟ್ಟು ಇನ್ನೂ ಉಳಿದಿದೆ. ಸೀಸೆ ಮಾತ್ರ ವಾಪಸು ತೆಗೆದುಕೊಳ್ಳಲು ಹೇಳಿ.

ಇಂತಿ,
ಹುಡುಗನ ಸೋದರಮಾವ