ಒಂಬತ್ತನೇ ಲೆವೆಲ್

ವರ್ಡ್‌ನಲ್ಲಿ ಒಂದು ಪಟ್ಟಿಯಲ್ಲಿ ಒಂಬತ್ತು ಲೆವೆಲ್ ಇಳಿಯಬಹುದು. ಕೆಜಿಎಫ್‌ನ ಚಿನ್ನದ ಗಣಿಯೂರು ಕೋರಮಂಡಲ್‌ನಲ್ಲಿ ಇದನ್ನು ಹೆಮ್ಮೆಯಿಂದ ಹೇಳಬೇಡಿ, ನಗುತ್ತಾರೆ. ಪಕ್ಕದ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿತ್ತು. ಅವರಿಗೆ ಒಂಬತ್ತನೇ ಲೆವೆಲ್ ಎಂದರೆ ಇನ್ನೂ ಹೊಸ್ತಿಲು.

ಕೆಲಸದ ರೀತಿ ಮಾತ್ರ ಅದೇ. ಟ್ಯಾಬ್ ಒತ್ತಿದರೆ ಕೇಜ್ ಒಂದು ಲೆವೆಲ್ ಇಳಿಯುತ್ತದೆ, ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಏರುತ್ತದೆ. ಶಿಫ್ಟ್ ಆದಮೇಲೆ ಮೇಲೆ ಬರುವುದನ್ನು ಗಣಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಸ್ಪೇಸ್ ಬಾರ್ ಕುಟ್ಟಿ ಕುಟ್ಟಿ ಸಾಲು ಸರಿಸುವವರೇ ಜಾಸ್ತಿ. ಕಣ್ಣಿಗೇನೋ ಚೆಂದ, ನಡುವೆ ಒಂದು ಅಂಶ ತೂರಿಸಿದ ದಿನ ಎಲ್ಲ ನಂಬರನ್ನೂ ಕೈಯಾರೆ ತಿದ್ದಬೇಕು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಈ ಊರಿನ ಮುಖ್ಯ ಉತ್ಪನ್ನ ಮನವಿಪತ್ರ ಎಂದರೆ ತಪ್ಪಿಲ್ಲ. ಬಾಕಿ ಹಣ, ಕ್ವಾರ್ಟರ್ಸ್ ಹಕ್ಕು, ಇನ್ನೂ ಏನೇನೋ. ಡಿಟಿಪಿ ಅಂಗಡಿಯಲ್ಲಿ ಅವು ಶಿಸ್ತಾಗಿಯೇ ಶುರುವಾಗುತ್ತವೆ: 1 ಮನೆ, 1.1 ಸೂರು, 1.1.1 ಸೋರಿಕೆ, 1.1.1.1 ಮಳೆಗಾಲದ ಸೋರಿಕೆ. ಒಂದೊಂದು ಲೆವೆಲ್‌ಗೂ ಎಡಗಡೆ ಜಾಗ ಬಿಟ್ಟುಕೊಂಡು ಹೋಗಿ, ಕೊನೆಗೆ ಅಸಲಿ ಸಂಕಟ ಪುಟದ ಬಲ ಅಂಚಿಗೆ ಒತ್ತಿಕೊಂಡು, ಸಾಲಿಗೊಂದೇ ಪದವಾಗಿ ಶಾಫ್ಟಿನ ಹಾಗೆ ನೆಟ್ಟಗೆ ಇಳಿಯುತ್ತದೆ. ಸಾಹೇಬರು ಅಷ್ಟು ಆಳಕ್ಕೆ ಇಳಿಯುತ್ತಾರೆಯೇ? ಮೂರು ಲೆವೆಲ್ ಸಾಕು ಎನ್ನುವ ಪಕ್ಷ ನನ್ನದು.

ಅಕ್ಷರದ ನಂಬರು ಬೇಕೆಂದವರ ಪಾಡು ಬೇರೆ. ಯೂನಿಕೋಡ್‌ಗಿಂತ ಹಿಂದಿನ ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡ ಕೂತಿರುತ್ತದೆ. ಎ ಇರುವಲ್ಲಿ ಅನುಸ್ವಾರ, ಬಿ ಇರುವಲ್ಲಿ ವಿಸರ್ಗ, ಸಿ ಇರುವಲ್ಲಿ 'ಅ'. ಎ, ಬಿ, ಸಿ ಎಂದು ಪಟ್ಟಿ ಮಾಡಲು ಹೇಳಿದರೆ ಮೊದಲ ಬೇಡಿಕೆಯ ಮುಂದೆ ಬರೀ ಸೊನ್ನೆ, ಎರಡನೆಯದರ ಮುಂದೆ ಎರಡು ಚುಕ್ಕಿ. ವರ್ಣಮಾಲೆ ಸರಿಯಾಗುವುದು ಮೂರನೆಯದಕ್ಕೆ. ನಂಬರಿಗೆ ಮಾತ್ರ ಬೇರೆ ಫಾಂಟ್ ಕೊಟ್ಟರೆ ಮುಗಿಯಿತು, ಆದರೆ ಅದನ್ನು ಬದಲಿಸುವ ಡಬ್ಬಿಯನ್ನು ತೆರೆದು ನೋಡುವ ಪುರುಸೊತ್ತು ಯಾರಿಗಿದೆ?

"ಸೊನ್ನೆ ಹಾಕ್ಬಿಟ್ರಲ್ಲ ಸಾರ್, ನಮಗೇನೂ ಸಿಗಲ್ಲ ಅಂತಾನಾ?" ಎಂದರು ಒಬ್ಬ ನಿವೃತ್ತರು. "ಮೇಲಿನ ಎರಡೂ ತೆಗೀರಿ, 'ಅ' ಇಂದಾನೇ ಶುರುವಾಗ್ಲಿ."

ಅಂಗಡಿಯ ಹುಡುಗ ತೆಗೆದ. ಮೂರನೆಯದು ಮೇಲೇರಿ ಮೊದಲನೆಯದಾಯಿತು, ಅದರ ಮುಂದೆಯೂ ಸೊನ್ನೆ ಬಂದು ಕೂತಿತು.